ಭಾವನ ಫೋನು, ನನ್ನ ದನಿ

ಜೂನ್ 5, 2023, ಸೋಮವಾರ

ಮೂವತ್ತಾರು ಕಿಲೋ. ಹೋದ ತಿಂಗಳಿಗಿಂತ ಒಂದು ಕಡಿಮೆ. ಮಿರಜಿನ ಡಾಕ್ಟರು ತೂಕದ ಯಂತ್ರವನ್ನು ಎರಡು ಸಲ ತಟ್ಟಿ ನೋಡಿದರು, ತಪ್ಪು ಅದರದ್ದೇ ಎನ್ನುವಂತೆ. ಟಿಬಿ ಇಲ್ಲ. ಎಚ್‌ಐವಿ ಹಿಡಿತದಲ್ಲಿದೆ — ಹನ್ನೊಂದು ವರ್ಷದಿಂದ ಒಂದು ಗುಳಿಗೆ ತಪ್ಪಿಸಿಲ್ಲ. ಆದರೂ ಮೈ ಕರಗುತ್ತಿದೆ. ಇನ್ನು ಹಾರ್ಮೋನ್ ಇಂಜೆಕ್ಷನ್, ಹದಿನೈದು ದಿನಕ್ಕೊಂದು. ಗಂಡಸರ ಹಾರ್ಮೋನಿನ ಜಾತಿಯದು. ಮೈ ತುಂಬಬಹುದು. ತುಟಿಯ ಮೇಲೆ ಕೂದಲು ಬರಬಹುದು. ದನಿ ದಪ್ಪವಾದರೆ ಹಳೆಯದು ತಿರುಗಿ ಬರಲಿಕ್ಕಿಲ್ಲ. ಎಲ್ಲ ಬಿಡಿಸಿ ಹೇಳಿದರು. ಸಹಿ ಮಾಡಿದೆ. ಈ ಮನೆಯಲ್ಲಿ ನನ್ನ ದನಿ ಯಾರು ಕೇಳಿದ್ದಾರೆ?

ವಿಶ್ರಾಮಬಾಗ ಸ್ಟಾಪಿನಲ್ಲಿ ಪಕ್ಕದ ಮನೆಯಾಕೆ ಸಿಕ್ಕಳು. ಯಾವ ಡಯಟ್ ಎಂದು ಕೇಳಿದಳು. ಬರೀ ಸೌತೆಕಾಯಿ ಎಂದೆ. ನಂಬಿದಳು. ಪೆದ್ದಿ.

ಜೂನ್ 11

ಅತ್ತೆ ಸಂಗವ್ವ ನನ್ನ ತಾಟು ಈಗಲೂ ಬೇರೆ ಇಡುತ್ತಾಳೆ. ರೋಗ ತಂದ ಮಗನ ಫೋಟೊಕ್ಕೆ ದಿನಾ ಹೂವು, ಅವನಿಂದ ರೋಗ ಹಿಡಿದವಳಿಗೆ ಬೇರೆ ತಾಟು. ಊರಿಗೆ ಹೇಳಿದ್ದು — ಮಗ ಕಾಮಾಲೆಯಿಂದ ಸತ್ತ, ಸೊಸೆಗೆ ಪಿತ್ತ. ಹನ್ನೊಂದು ವರ್ಷದ ಪಿತ್ತ.

ಭಾವ ಮಹಾಲಿಂಗಪ್ಪ ಸಾಂಗ್ಲಿ ಪೇಟೆಯ ಅರಿಸಿನದ ದೊಡ್ಡ ವ್ಯಾಪಾರಿ. ಮಗಳು ಪ್ರಾಜಕ್ತಾಗೆ ಗಂಡು ಹುಡುಕುತ್ತಿದ್ದಾನೆ. ನನಗೆ ಅಪ್ಪಣೆ ಬಂದಿದೆ, ಅತ್ತೆಯ ಬಾಯಿಂದ. ನೇರ ಹೇಳುವ ಧೈರ್ಯ ಅವನಿಗೆಲ್ಲಿ.

"ಈಕಿ ಯಾಕ ಹಿಂಗ ಒಣಗ್ಯಾಳಂತ ಬಂದವರು ಕೇಳ್ತಾರ. ನೀ ಒಳಗ ಇರು."

ಜುಲೈ 17

ನಾಲ್ಕನೇ ಇಂಜೆಕ್ಷನ್. ಮೂವತ್ತೆಂಟೂವರೆ. ಹಸಿವು... ರಾಕ್ಷಸ ಹಸಿವು. ನೀರಿನ ಬಕೆಟ್ ಹಿಡಿದು ಮಹಡಿ ಹತ್ತಿದೆ, ನಡುವೆ ಕೂರಲಿಲ್ಲ. ಯಾರಿಗೂ ಹೇಳಲಿಲ್ಲ. ಇವರಿಗೆ ಯಾಕೆ ಹೇಳಬೇಕು.

ಆಗಸ್ಟ್ 29

ದನಿ ದಪ್ಪವಾದದ್ದು ನೆಗಡಿಯಿಂದ ಅಂದುಕೊಂಡಿದ್ದೆ. ವಾರವಾಯಿತು, ನೆಗಡಿ ಅಲ್ಲ.

ಊಟವಾದ ಮೇಲೆ ಭಾವ ಒಂದು ತಾಸು ಮಲಗುತ್ತಾನೆ. ಆಗ ಅವನ ಫೋನು ನನ್ನ ಕೈಯಲ್ಲಿ. ಯಾರು ಕರೆದರು ಎಂದು ಬರೆದಿಡಬೇಕು. ಇವತ್ತು ಮಾಧವನಗರದ ವ್ಯಾಪಾರಿ ನನ್ನ "ಹಲೋ" ಕೇಳಿ, ಹೇಳ್ರಿ ಸಾವಕಾರ ಎಂದ. ನಿನ್ನೆ ಮೊನ್ನೆಯವರೆಗೆ, ಏ ಹೆಣ್ಮಗಳ, ಗಂಡಸರ ಕೈಗೆ ಕೊಡು ಎನ್ನುತ್ತಿದ್ದವನು. ಮಾಲು ನಾಳೆ ಕಳಿಸು ಎಂದೆ. ಹೂಂರಿ ಎಂದ. ಇವರ ಗಂಡಸುತನ ಇಷ್ಟೇ — ಒಂದು ಸೂಜಿಯಲ್ಲಿ ಹಿಡಿಯುವಷ್ಟು.

ಆಮೇಲೆ ಬಚ್ಚಲ ಬಾಗಿಲು ಹಾಕಿ ನನ್ನ ಹೆಸರು ಹೇಳಿಕೊಂಡೆ. ಗುರುಶಾಂತವ್ವ. ಯಾರೋ ಪರಕೀಯ ಕರೆದಂತಾಯಿತು. ಅಳು ಬಂತು. ಬರಲಿ.

ಸೆಪ್ಟೆಂಬರ್ 4

ನಲವತ್ತೆರಡು. ಡಾಕ್ಟರು ಇಂಜೆಕ್ಷನ್ ನಿಲ್ಲಿಸಿದರು, ದನಿ ಇಲ್ಲಿಗೇ ನಿಲ್ಲಲಿ ಎಂದು. ಬೇಸರವಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಅರ್ಧ ನಿಜ.

ಮನೆಯಲ್ಲಿ ಹೊಸ ಅಪ್ಪಣೆ. ಮೈ ತುಂಬಿಕೊಂಡಿದ್ದೇನಲ್ಲ, ಇನ್ನು ಬಂದವರ ಮುಂದೆ ಹೋಗಬಹುದಂತೆ. ಬಾಯಿ ಮಾತ್ರ ತೆರೆಯಬಾರದಂತೆ.

ಸೆಪ್ಟೆಂಬರ್ 13, ಮಧ್ಯಾಹ್ನ ಮೂರು

ಈಗಲೇ ಬರೆದುಬಿಡುತ್ತೇನೆ.

ಭಾವ ಮಲಗಿದ್ದ. ಮಿರಜಿನಿಂದ ಓಂಪ್ರಕಾಶರ ಫೋನು. ಪ್ರಾಜಕ್ತಾಳನ್ನು ಒಪ್ಪಿದ ಹುಡುಗ ಕೇತನನ ಕಾಕಾ. ನನ್ನನ್ನು ಭಾವನೆಂದೇ ತಿಳಿದರು.

"ಮಹಾಲಿಂಗಪ್ಪಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಮ್ಮನ ಹೆಂಡ್ತಿಗೆ ಏನ್ ಬ್ಯಾನಿ ಐತಿ? ಮಂದಿ ಏನೇನೋ ಅಂತಾರ."

ಇಟ್ಟುಬಿಡಬಹುದಿತ್ತು. ಒಳಗೆ ಭಾವನ ಗೊರಕೆ. ಅವನು ಎದ್ದಿದ್ದರೆ ಪಿತ್ತ ಎನ್ನುತ್ತಿದ್ದ.

"ಎಚ್‌ಐವಿ ಐತ್ರಿ," ಎಂದೆ. "ತಂದಾಂವ ನನ್ನ ತಮ್ಮ. ನಾವು ಮಂದಿಗೆ ಸುಳ್ಳು ಹೇಳೇವಿ. ಆಕಿ ಗುಳಿಗಿ ತಪ್ಪಸಂಗಿಲ್ಲ, ಗಟ್ಟಿ ಅದಾಳ. ಆಕಿ ಕೈಯಾಗಿಂದು ಉಂಡ್ರ ಯಾರಿಗೂ ಏನೂ ಆಗಂಗಿಲ್ಲ. ನಿಮಗ ಒಗ್ಗದಿದ್ರ ಈಗ ಹೇಳಿಬಿಡ್ರಿ."

 ವಿಚಾರ ಮಾಡಿ ಹೇಳುತ್ತೇನೆ ಎಂದು ಇಟ್ಟರು.

ಈ ಕರೆಯನ್ನು ಬರೆದಿಡಲಿಲ್ಲ. ಭಾವನಿಗೆ ಏನಾದರೂ ಆಗಲಿ. ಆದರೆ ಪ್ರಾಜಕ್ತಾ... ಈ ಮನೆಯಲ್ಲಿ ನನ್ನ ಹಾಸಿಗೆಯ ಮೇಲೆ ಕೂರುವವಳು ಅವಳೊಬ್ಬಳೇ.

ಸೆಪ್ಟೆಂಬರ್ 16

ಮೂರು ದಿನ ಮಿರಜಿನಿಂದ ಸುದ್ದಿಯಿಲ್ಲ. ತಡೆಯಲಾಗಲಿಲ್ಲ, ಪ್ರಾಜಕ್ತಾಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಉಗುರು ಕಚ್ಚುತ್ತ ಕೂತಳು. ಅವಳ ಕನ್ನಡ ಅರ್ಧಂಬರ್ಧ.

"ಅವರು ಗೊತ್ತಾಗೇ ಬರಲಿ ಕಾಕು. ಇಲ್ಲಾ ಬರೂದ ಬ್ಯಾಡ. ಬಸ್."

ಎಲ್ಲರನ್ನೂ ಹೀನಾಯವಾಗಿ ಕಂಡು ಅಭ್ಯಾಸ ನನಗೆ. ಇವಳ ಮುಂದೆ ನಾಚಿಕೆಯಾಯಿತು.

ಸೆಪ್ಟೆಂಬರ್ 24, ಭಾನುವಾರ, ಸಂಜೆ

ಮಿರಜಿನವರು ಬಂದರು. ಹಿತ್ತಲಿಗೆ ಬಂದು ಕೂತು ಬರೆಯುತ್ತಿದ್ದೇನೆ. ಅವರಿನ್ನೂ ಹೊರಗಿನ ಕೋಣೆಯಲ್ಲಿದ್ದಾರೆ.

ಓಂಪ್ರಕಾಶರು ಒಳಗೆ ಬಂದವರೇ ಭಾವನ ಎರಡೂ ಕೈ ಹಿಡಿದುಕೊಂಡರು.

"ನಿಮ್ಮಂಥಾ ನೇರ ಮನಷ್ಯಾನ್ನ ನಾ ನೋಡಿಲ್ರಿ. ಅಷ್ಟು ದೊಡ್ಡ ಮಾತು ಮುಚ್ಚಿಡಲಿಲ್ಲ ನೀವು."

ಯಾವ ಮಾತು ಎಂದು ಭಾವನಿಗೆ ಗೊತ್ತಿಲ್ಲ. ಕೇಳಲೂ ಇಲ್ಲ. ಹೊಗಳಿಕೆ ತಾನೇ, ಯಾರದ್ದಾದರೇನು. ಎದೆ ಉಬ್ಬಿಸಿ, ನಮ್ಮ ಮನೆತನವೇ ಹಾಗೆ ಎಂದ. ಅತ್ತೆ ತಲೆಯಾಡಿಸಿದಳು. ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಆಗ ಅವರು ನನ್ನನ್ನು ಕರೆಯಲು ಹೇಳಿದರು. ನನ್ನ ಕೈಯಿಂದಲೇ ಚಹಾ ಬೇಕಂತೆ. ಭಾವನ ಮುಖ ಬಿಳಿಚಿತು. ಪ್ರಾಜಕ್ತಾ ಟ್ರೇ ತಂದು ನನ್ನ ಕೈಗಿಟ್ಟಳು. ಹೋದೆ. ಅವರು ಮೊದಲ ಕಪ್ಪು ತೆಗೆದುಕೊಂಡು ಒಂದು ಗುಟುಕು ಕುಡಿದರು.

"ತಬಿಯತ್ ಹೆಂಗೈತ್ರಿ ಈಗ?"

ಅವರ ಹಿಂದಿನಿಂದ ಭಾವ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದ.

"ಛಲೋ ಅದೀನ್ರಿ," ಎಂದೆ, ಇರುವ ದನಿಯಲ್ಲೇ.

ಕಪ್ಪು ತುಟಿಯ ಹತ್ತಿರ ನಿಂತಿತು. ನನ್ನನ್ನು ನೋಡಿದರು. ತಿರುಗಿ ಭಾವನನ್ನು ನೋಡಿದರು. ಮತ್ತೆ ನನ್ನನ್ನು. ಮೀಸೆಯೊಳಗೇ ನಕ್ಕರು. ಏನೂ ಬಿಡಿಸಿ ಹೇಳಲಿಲ್ಲ, ಪಕ್ಕದ ಕುರ್ಚಿ ಎಳೆದರು.

"ಕುಂದ್ರಿ. ಇನ್ನ ಲಗ್ನದ ಮಾತು ನಿಮ್ಮ ಜೋಡಿನೇ ಆಡ್ತೇನಿ."

ಕೂತೆ. ಭಾವ ನಿಂತೇ ಇದ್ದ. ಈಗ ಒಳಗಿನಿಂದ ಅವನೇ ಕರೆಯುತ್ತಿದ್ದಾನೆ, ತಾರೀಖು ಗೊತ್ತು ಮಾಡಬೇಕಂತೆ, ನಾನಿಲ್ಲದೆ ಅವರು ಬಾಯಿಬಿಡುತ್ತಿಲ್ಲವಂತೆ. ಎರಡನೇ ಸಲ ಕರೆದ. ಕರೆಯಲಿ, ಮೂರನೆಯದಕ್ಕೆ ಏಳುತ್ತೇನೆ.