ಲಿನಕ್ಸ್ ಲ್ಯಾಪ್‌ಟಾಪ್ ಕೊಟ್ಟು ವಿಂಡೋಸಿನಲ್ಲಿ ಪರೀಕ್ಷೆ ಇಟ್ಟವರಿಗೆ

ಉಚಿತ ಲ್ಯಾಪ್‌ಟಾಪ್ ಯೋಜನೆಯ ಮಾನ್ಯ ಅಧಿಕಾರಿಗಳೇ,

ತಾವು ನನಗೆ ಲ್ಯಾಪ್‌ಟಾಪ್ ಕೊಟ್ಟಿರಿ, ಅದರಲ್ಲಿ ಓಡದ ತಂತ್ರಾಂಶದಲ್ಲಿ ಪರೀಕ್ಷೆ ಇಟ್ಟಿರಿ, ಪರೀಕ್ಷೆ ತೆರೆಯದಿದ್ದಾಗ ನನ್ನನ್ನು ಅಬ್ಸೆಂಟ್ ಎಂದು ಬರೆದಿರಿ. ಸಾಲದ್ದಕ್ಕೆ ಈಗ ಕಾರವಾರದ ನಮ್ಮ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ತಮ್ಮ ಸುತ್ತೋಲೆ ಬಂದಿದೆ: ‘ವಿದ್ಯಾರ್ಥಿಗಳು ಲಿನಕ್ಸ್ ಬಳಸಲು ಆಸಕ್ತಿ ತೋರುತ್ತಿಲ್ಲ. ಕಾರಣ ತಿಳಿಸತಕ್ಕದ್ದು.’ ತಿಳಿಸುತ್ತಿದ್ದೇನೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಓದಿದವಳು, ನಡುವೆ ಇಂಗ್ಲಿಷ್ ನುಸುಳಿದರೆ ಅಡ್ಜಸ್ಟ್ ಮಾಡಿಕೊಳ್ಳಿ. ಟೆನ್ಶನ್ ಆದಾಗ ಅದು ಇನ್ನೂ ಜಾಸ್ತಿ.

ಲಿನಕ್ಸ್ ಮೇಲೆ ನನಗೆ ದ್ವೇಷವಿಲ್ಲ. ಸೀರಿಯಸ್ಲಿ, ಚೆನ್ನಾಗಿದೆ. ಬೇಗ ತೆರೆಯುತ್ತದೆ, ಮೆನು ಕನ್ನಡದಲ್ಲೇ ಇದೆ. ಹಂಚಿಕೆಯ ದಿನ ತಾವು ‘ಇದು ಸ್ವಾತಂತ್ರ್ಯದ ತಂತ್ರಾಂಶ’ ಎಂದು ಅರ್ಧ ಗಂಟೆ ಭಾಷಣ ಮಾಡಿದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಆದರೆ ಇಂಟರ್ನಲ್ ಟೆಸ್ಟ್ ನಡೆಸುವ ತಮ್ಮದೇ ತಂತ್ರಾಂಶ ವಿಂಡೋಸ್ ಬಿಟ್ಟು ಬೇರೆಡೆ ಕಣ್ಣೇ ತೆರೆಯುವುದಿಲ್ಲ. ಈ ಸ್ವಾತಂತ್ರ್ಯವನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಟೆಸ್ಟಿನ ದಿನ ಲ್ಯಾಬ್ ಸಹಾಯಕ ಸಂದೀಪ ಸರ್ ನನ್ನ ಪರದೆ ನೋಡಿದರು.

“ತಂಗೀ, ವಿಂಡೋಸ್ ಇದ್ದೋರ ಹತ್ರ ಕೇಳಿ ತಕೊಳ್ಳೇ.”

“ಅವ್ರೂ ಟೆಸ್ಟೇ ಬರೀತಿದ್ದಾರಲ್ಲಾ ಸರ್!”

“ಹೌದಲಾ ಮಾರಾಯ್ತಿ. ಹಂಗಾರೆ ಎಂತಾ ಮಾಡುದು, ಕೂತ್ಕೋ.”

ಕೂತೆ. ಪೂರ್ತಿ ಒಂದು ಗಂಟೆ. ಇನ್ನೊಂದು ಟೆಸ್ಟಿಗೂ ಅಬ್ಸೆಂಟ್ ಬಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲವಂತೆ.

ಅಂಕೋಲೆಯ ಮನೆಗೆ ಹೋಗಿ ಅಪ್ಪನ ಮುಂದೆ ಅತ್ತುಬಿಟ್ಟೆ. ಅಪ್ಪ ಮೀನುಗಾರ. ಬಲೆ ಹೆಣೆಯುತ್ತಲೇ ಕೇಳಿದರು: “ಆ ಹೊಸ ಕಂಪನಿ ಬೋಟ್ ಎಂಜಿನ್ ಇಲ್ಲಿ ಯಾರೂ ಎಂತಕ್ಕೆ ತಕೊಳ್ಳಲಿಲ್ಲ, ಗೊತ್ತದ್ಯಾ?”

“ಕೆಟ್ಟದಿತ್ತಾ?”

“ಚಲೋದೇ ಇತ್ತು ಮಗಾ. ಡೀಸೆಲ್ಲೂ ಕಮ್ಮಿ ಕುಡೀತಿತ್ತು. ಅದ್ರ ಬಿಡಿ ಸಾಮಾನು ಮಾತ್ರ ಕಾರವಾರದಲ್ಲೂ ಇಲ್ಲಾ, ಅಂಕೋಲೇಲೂ ಇಲ್ಲಾ. ಸಮುದ್ರದ ನಡೂಕೆ ನಿಂತೋದ್ರೆ ಮಾರಿದವ ಬಂದು ಎಳೀತನಾ?”

ಅಪ್ಪನಿಗೆ ಗೊತ್ತಿರುವುದು ತಮ್ಮ ತಾಂತ್ರಿಕ ಸಮಿತಿಗೆ ಏಕೆ ಹೊಳೆಯಲಿಲ್ಲ? ಮಾಡಬೇಕಾದ ಕೆಲಸದ ತಂತ್ರಾಂಶ ಎಲ್ಲಿ ಓಡುತ್ತದೋ ಜನ ಅಲ್ಲಿಗೆ ಹೋಗುತ್ತಾರೆ. ಆಸಕ್ತಿ ಆಮೇಲಿನ ಮಾತು. ನನ್ನ ರೂಮ್‌ಮೇಟ್, ಹೆಸರು ಹೇಳಲಾರೆ, ತಾವು ಕೊಟ್ಟ ಲಿನಕ್ಸ್ ಅಳಿಸಿ ಕದ್ದ ವಿಂಡೋಸ್ ಹಾಕಿಸಿಕೊಂಡು ಪಾಸಾದಳು. ನಿಯಮ ಪಾಲಿಸಿದ ನಾನು ಫೇಲು.

ಮುಂದಿನ ಟೆಸ್ಟ್ ಇದೇ ಸೋಮವಾರ. ಆ ತಂತ್ರಾಂಶ ಲಿನಕ್ಸಿನಲ್ಲೂ ಓಡುವಂತೆ ಮಾಡಿಸಿ. ಅಷ್ಟರೊಳಗೆ ಆಗದಿದ್ದರೆ ಪ್ರಶ್ನೆಗಳನ್ನು ಕಾಗದದ ಮೇಲೆ ಕೊಡಿ, ಪೆನ್ನಿನಲ್ಲಿ ಬರೆಯುತ್ತೇನೆ. ಹಿಂದಿನ ಟೆಸ್ಟನ್ನೂ ಮತ್ತೆ ನಡೆಸಿ, ನನ್ನ ಹೆಸರಿನೆದುರಿನ ಅಬ್ಸೆಂಟ್ ಹೊಡೆದುಹಾಕಿ. ಓದಿದ್ದೇನೆ ಸರ್, ಉತ್ತರ ನಿಜವಾಗಿಯೂ ಬರುತ್ತದೆ.

ಇಂತಿ,
ಒಂದು ಗಂಟೆ ಎದುರಿಗೇ ಕೂತಿದ್ದ ತಮ್ಮ ಗೈರುಹಾಜರಿ ವಿದ್ಯಾರ್ಥಿನಿ,
ವಿನುತಾ, ಮೊದಲ ವರ್ಷ (ಸದ್ಯಕ್ಕೆ)