ಸೋಮವಾರ ಸಾಲಿ ತೆರಿಯಂಗಿಲ್ಲ

ಹುಣಸಿಮಟ್ಟಿ,
ತಾ. ಬಸವನ ಬಾಗೇವಾಡಿ
ಬುಧವಾರ, ೧-೩-೧೯೭೨

ಕಸ್ತೂರಿಯ ಅಪ್ಪನವರಿಗೆ ರೇವವ್ವಳ ನಮಸ್ಕಾರಗಳು.

ಬರುವ ರವಿವಾರ ಕಸ್ತೂರಿಯನ್ನು ಕರೆದುಕೊಂಡು ಇಲ್ಲಿಗೆ ಬರಬೇಡಿರಿ. ಎಲ್ಲಕ್ಕಿಂತ ಮೊದಲು ಇದನ್ನೇ ಬರೆಯುತ್ತಿದ್ದೇನೆ. ನನ್ನ ಕಾಗದಗಳನ್ನು ನೀವು ಅರ್ಧ ಓದಿ ಮಡಿಚಿಡುತ್ತೀರೆಂದು ನನಗೆ ಗೊತ್ತು.

ನಿಮಗೆ ನಗು ಬಂದೀತು. ಮಗಳನ್ನು ನನ್ನ ಹತ್ತಿರ ಬಿಡಿರೆಂದು ಎರಡು ವರ್ಷದಿಂದ ನಿಮ್ಮ ಅಗರಖೇಡಕ್ಕೆ ಕಾಗದದ ಮೇಲೆ ಕಾಗದ ಬರೆದವಳು ನಾನೇ. ಶಾಲೆ ತೆರೆಯುವಾಗ ತಂದು ಬಿಡುತ್ತೇನೆ ಎಂದು ನೀವು ಕಡೆಗೂ ಒಪ್ಪಿದಾಗ ಅವಳಿಗಾಗಿ ಹೊಸ ಪಾಟಿ ತಂದಿಟ್ಟವಳೂ ನಾನೇ. ಈಗ ಬೇಡವೆನ್ನುತ್ತಿದ್ದೇನೆ. ಮನಸ್ಸು ತಿರುಗಿ ಅಲ್ಲ. ಇಲ್ಲಿ ಏನಾಯಿತೆಂದು ಬರೆಯುತ್ತೇನೆ. ಇದೊಂದನ್ನು ಪೂರ್ತಿ ಓದಿರಿ.

ಸಂಕ್ರಾಂತಿಯ ಮುಂಚೆ ಊರಿಗೆ ಮೈಲಿ ಬೇನೆ, ಅದೇ ಸಿಡುಬು, ಬಂದದ್ದು ನಿಮಗೆ ತಿಳಿದದ್ದೇ. ಮೊದಲು ಕಾಣಿಸಿದ್ದು ಜೈತುನಬಿಯ ಮನೆಯಲ್ಲಿ. ಊರೂರು ತಿರುಗಿ ಬಳೆ ಮಾರುವ ಹೆಂಗಸು ಆಕೆ. ಎಲ್ಲಿಂದ ಹತ್ತಿತೋ ಯಾರು ಬಲ್ಲರು? ಸಣ್ಣ ಮಗ ಹೋದ. ಮಗಳು ಬೀಬಿಜಾನ ಉಳಿದಳು, ಮುಖದ ತುಂಬ ಕಲೆ ಹೊತ್ತು. ಆಮೇಲೆ ನಮ್ಮ ಕುರುಬರ ಓಣಿಗೆ ಇಳಿಯಿತು. ಕಾಳಪ್ಪನ ತಾಯಿ ಹೋದಳು, ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದಿದ್ದ ಅವನ ಸೊಸೆಯೂ ಹೋದಳು. ನಾನು ಕಲಿಸುವ ಶಾಲೆಯನ್ನೂ ಮುಚ್ಚಿದೆವು. ಬಾಗೇವಾಡಿಯ ದವಾಖಾನೆಯಿಂದ ಲಸಿಕೆ ಹಾಕುವ ಚಾಂದಸಾಬ ಬಂದರು. ಅವರನ್ನು ಕಂಡರೆ ಜನ ಮಕ್ಕಳನ್ನು ಕಂಕುಳಲ್ಲಿ ಹಿಡಿದು ಜೋಳದ ಹೊಲಕ್ಕೆ ಓಡುತ್ತಿದ್ದರು. ನಾನೇ ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಕೂತು ಎಲ್ಲರ ಎದುರಿಗೆ ಚುಚ್ಚಿಸಿಕೊಂಡೆ. ಆಮೇಲೆ ಒಬ್ಬೊಬ್ಬರಾಗಿ ಬಂದರು.

ಶಿವರಾತ್ರಿಗೆ ಕಸ್ತೂರಿ ಬರುವ ಹೊತ್ತಿಗೆ ಊರು ತಣ್ಣಗಾಗಿತ್ತು. ತಣ್ಣಗಾಗಿದೆ ಎಂದು ನಾವೆಲ್ಲ ನಂಬಿದ್ದೆವು. ಅವಳಿಗೆ ಚುಚ್ಚಿಸುವುದಿಲ್ಲ, ದೇವಿಗೆ ಹರಕೆ ಹೊತ್ತಿದೆ ಎಂದು ನಿಮ್ಮ ಅವ್ವ ಹೇಳಿ ಕಳಿಸಿದ್ದರು. ಆ ಮಾತು ಕೊಟ್ಟರೆ ಮಾತ್ರ ಮಗಳನ್ನು ಕಳಿಸುತ್ತೇನೆ ಎಂದಿರಿ ನೀವು. ಕೊಟ್ಟೆ. ಚಾಂದಸಾಬ ನಮ್ಮ ಅಂಗಳದಲ್ಲೇ ಚಹಾ ಕುಡಿದು ಹೋದರು, ಕಸ್ತೂರಿ ಅವರ ಪೆಟ್ಟಿಗೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ನಾನು ಬಾಯಿ ಕಟ್ಟಿಕೊಂಡು ಕೂತೆ. ಕೆಲವು ದಿನಗಳ ಮೇಲೆ ನೀವು ಬಂದು ಅವಳನ್ನು ಕರೆದೊಯ್ದಿರಿ.

ಹೊಸದಾಗಿ ಯಾರಿಗೂ ಬೇನೆ ಕಾಣಿಸಿಲ್ಲವೆಂದು ತಿಳಿದ ಮೇಲೆ ಬರುವ ಸೋಮವಾರ ಶಾಲೆ ತೆರೆಯಬಹುದೆಂಬ ಮಾತು ಬಂತು. ಏಳನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದಿದೆ. ಈ ಊರಿನಲ್ಲಿ ಮೊದಲ ಸಲ ಹೆಣ್ಣುಮಕ್ಕಳು ಆ ಪರೀಕ್ಷೆಗೆ ಕೂಡುವವರಿದ್ದಾರೆ. ಅವರನ್ನು ಅಲ್ಲಿಯವರೆಗೆ ತರಲು ಎಷ್ಟು ಮನೆಗಳ ಹೊಸ್ತಿಲು ಸವೆಸಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ವರ್ಷ ತಪ್ಪಿದರೆ ಲಗ್ನ ಮಾಡಿ ಕಳಿಸಿಬಿಡುತ್ತಾರೆ, ಅಷ್ಟೇ.

ಹೀಗಾಗಿ ಊರೆಲ್ಲ ತಯಾರಿಗೆ ನಿಂತಿತು. ಓಣಿಯ ಹೆಂಗಸರು ಬಂದು ಗೋಡೆಗೆ ಸುಣ್ಣ ಹೊಡೆದರು. ಮಕ್ಕಳು ಕೂಡುತ್ತಿದ್ದ ಗೋಣಿತಟ್ಟುಗಳನ್ನೆಲ್ಲ ಹೊರಗೆ ಒಟ್ಟಿ ಸುಟ್ಟೆವು. ಕುರಿ ಕಾಯುವ ಬೀರಣ್ಣಜ್ಜ ಬೇವಿನ ತಪ್ಪಲು ತಂದು ಖೋಲಿಗಳಿಗೆ ಹೊಗೆ ಹಾಕಿದ. ನೆಲದ ಮೇಲೆ ಸುಣ್ಣದಿಂದ ದೂರ ದೂರ ಗೆರೆ ಎಳೆದು ಒಬ್ಬೊಬ್ಬರಿಗೆ ಒಂದೊಂದು ಜಾಗ ಮಾಡಿದೆ. ಪಾಟಿಯನ್ನು ಉಗುಳು ಹಚ್ಚಿ ಒರೆಸುವಂತಿಲ್ಲ, ಒಬ್ಬರ ಬಳಪ ಮತ್ತೊಬ್ಬರು ಮುಟ್ಟುವಂತಿಲ್ಲ, ತೋಳಿನ ಮೇಲಿನ ಲಸಿಕೆಯ ಕಲೆ ತೋರಿಸದೆ ಒಳಗೆ ಬರುವಂತಿಲ್ಲ ಎಂದು ಡಂಗುರ ಹೊಡೆಸಿದೆವು.

ಊರ ಗೌಡ ಮಡಿವಾಳಪ್ಪನವರು ಶಾಲಾ ಸಮಿತಿಯ ಹಿರಿಯರು. ಶಾಲೆಯ ಅಂಗಳದಲ್ಲಿ ಜನ ಕೂಡಿಸಿ ಎಲ್ಲದಕ್ಕೂ ಹೂಂ ಎಂದರು. ಕಡೆಗೆ ಒಂದು ಮಾತು ತೆಗೆದರು.

"ಎಲ್ಲಾ ಖರೆ. ಆದ್ರ ಜೈತುನಬಿ ಮಗಳು ಸಾಲಿಗೆ ಬರಬಾರದು. ಬೇನಿ ಬಂದಿದ್ದು ಆ ಮನಿಯಿಂದ."

ಬೇನೆ ಬಂದು ಹೋದ ಮಗುವಿಗೆ ಅದು ಮತ್ತೆ ಬರುವುದಿಲ್ಲ, ಇಡೀ ಶಾಲೆಯಲ್ಲಿ ಭಯವಿಲ್ಲದ ಹುಡುಗಿಯೆಂದರೆ ಬೀಬಿಜಾನ ಒಬ್ಬಳೇ ಎಂದು ನಾನು ತಿಳಿಸಿ ಹೇಳಿದೆ. ಗೌಡರ ಮಾತೇ ನಿಂತಿತು. ಜೈತುನಬಿ ಬೇಲಿಯ ಆಚೆ ನಿಂತು ಎಲ್ಲ ಕೇಳಿಸಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೋದಳು.

ಮರುದಿನ ಮಕ್ಕಳ ತೋಳು ನೋಡಲೆಂದು ಚಾಂದಸಾಬರೂ ನಾನೂ ಮನೆ ಮನೆ ತಿರುಗಿದೆವು. ಗೌಡರ ವಾಡೆಗೂ ಹೋದೆವು. ಗಂಡುಮಕ್ಕಳಿಬ್ಬರು ಬಂದು ತೋಳು ತೋರಿಸಿದರು. ನೀಲಗಂಗಾ ಎಲ್ಲಿ ಎಂದೆ. ಅವಳು ಗೌಡರ ಒಬ್ಬಳೇ ಮಗಳು, ನನ್ನ ಏಳನೆಯ ಇಯತ್ತೆಯ ಹುಡುಗಿ. ಗೌಡರ ಹೆಂಡತಿ ಸಿದ್ದವ್ವ, ಮಗಳು ಗೊಳಸಂಗಿಯಲ್ಲಿ ಸೋದರಮಾವನ ಮನೆಗೆ ಹೋಗಿದ್ದಾಳೆ ಎಂದರು. ನನ್ನ ಮುಖ ನೋಡದೆ ಹೇಳಿದರು. ಯುಗಾದಿ ಕಳೆದ ಮೇಲೆ ಹುಡುಗಿಯ ಲಗ್ನ, ಬೀಗರು ಮುದ್ದೇಬಿಹಾಳದವರು. ಬಟ್ಟೆಬರೆಗೆಂದು ಹೋಗಿರಬಹುದು ಎಂದುಕೊಂಡೆ.

ಮೊನ್ನೆ ಸೋಮವಾರ ಮಧ್ಯಾಹ್ನ, ಬಿಸಿಲು ಸುಡುವಾಗ, ಆ ಸಿದ್ದವ್ವ ಒಬ್ಬರೇ ಶಾಲೆಗೆ ನಡೆದು ಬಂದರು. ವಾಡೆಯ ಹೆಂಗಸರು ಹಾಗೆ ಬರುವವರಲ್ಲ. ಸುಣ್ಣ ಚೆನ್ನಾಗಿ ಹಿಡಿದಿದೆ ಎಂದರು. ಗೋಡೆಯ ಮೇಲೆ ಕೈ ಆಡಿಸುತ್ತಾ ಬಹಳ ಹೊತ್ತು ನಿಂತರು. ಆಮೇಲೆ ಗೋಡೆಯನ್ನೇ ನೋಡುತ್ತಾ ಕೇಳಿದರು:

"ಅಕ್ಕಾರ, ಮೈಲಿ ಬಂದವರ ಕಣ್ಣ ಹೋಗತಾವೇನ್ರಿ?"

ಕೈಯಲ್ಲಿದ್ದ ಬಳಪದ ಡಬ್ಬಿ ಕೆಳಗಿಟ್ಟೆ. ಅವರ ಹಿಂದೆ ವಾಡೆಗೆ ನಡೆದೆ.

ವಾಡೆಯ ಹಿಂಭಾಗದಲ್ಲಿ ಜೋಳದ ಚೀಲ ಒಟ್ಟುವ ಕತ್ತಲೆ ಖೋಲಿ ಇದೆ. ಅಲ್ಲಿ ಬೇವಿನ ಎಲೆಗಳ ಮೇಲೆ ನೀಲಗಂಗಾಳನ್ನು ಮಲಗಿಸಿದ್ದರು. ಮುಖ ಯಾವುದು, ಕಿವಿ ಯಾವುದು ತಿಳಿಯುವಂತಿರಲಿಲ್ಲ. ರೆಪ್ಪೆಗಳು ಊದಿ ಅಂಟಿಕೊಂಡಿದ್ದವು. ಆ ವಾಸನೆ ನನ್ನ ಸೀರೆಯಿಂದ ಇನ್ನೂ ಹೋಗಿಲ್ಲ. ನನ್ನ ದನಿ ಕೇಳಿ ಗುರುತು ಹಿಡಿದಳು.

"ಅಕ್ಕಾರ, ಪರೀಕ್ಷಾ ಆಗಿ ಹೋತೇನ್ರಿ?"

ಇನ್ನೂ ಇಲ್ಲ ಎಂದೆ. ಅವಳಿಗೆ ಲಸಿಕೆ ಹಾಕಿಸಿರಲಿಲ್ಲ. ಲಗ್ನ ಆಗುವ ಹುಡುಗಿಯ ತೋಳಿನ ಮೇಲೆ ಕಲೆ ಬೇಡವೆಂದು ಅಪ್ಪನೇ ತಡೆದಿದ್ದರಂತೆ. ಜ್ವರ ಬಂದದ್ದು ಯಾವಾಗ ಎಂದು ಕೇಳಿದೆ. ಸಿದ್ದವ್ವ ಹೇಳಿದರು. ನಾನು ಮತ್ತೊಮ್ಮೆ ಕೇಳಿ, ಬೆರಳು ಮಡಿಚಿ ದಿನ ಎಣಿಸಿದೆ.

ಹೊರಗೆ ಬಂದರೆ ಕಟ್ಟೆಯ ಮೇಲೆ ಮಜ್ಜಿಗೆಯ ಖಾಲಿ ಹರವಿ. ಬೇಸಿಗೆ ಬಂತೆಂದರೆ ವಾಡೆಯಲ್ಲಿ ಮುಂಜಾನೆ ಮಜ್ಜಿಗೆ ಹಂಚುತ್ತಾರೆ. ನಮ್ಮ ಓಣಿಯ ಮಕ್ಕಳೆಲ್ಲ ತಂಬಿಗೆ ಹಿಡಿದು ಅಲ್ಲಿಯೇ ಸಾಲಾಗಿ ನಿಲ್ಲುವುದು. ಹಂಚುತ್ತಿದ್ದವರು ಸಿದ್ದವ್ವನೇ, ಮಗಳ ಮೈ ಒರೆಸಿದ ಅದೇ ಸೆರಗಿನಲ್ಲಿ.

ಸಂಜೆ ಗೌಡರು ನನ್ನ ಬಾಗಿಲಿಗೆ ಬಂದರು. ಮೊದಲು ಬೆದರಿಸಿದರು.

"ಬರೂ ಸೋಮವಾರ ಗಂಟಿ ಬಾರಸ್ರಿ ಅಕ್ಕಾರ. ಸಾಲಿ ಸುರು ಆದ್ರ ಬೇನಿ ಹೋತು ಅಂತ ಸುತ್ತಲ ಊರಾಗೆಲ್ಲಾ ಸುದ್ದಿ ಆಗತೈತಿ. ನೀವು ಏನೂ ನೋಡಿಲ್ಲ. ಈ ಮನಿ ಯಾರದು ಅನ್ನೂದು ನೆನಪೈತಲ್ಲಾ? ಗಂಡನ್ನ ಬಿಟ್ಟು ಬಂದಾಕಿಗೆ ಈ ಊರಾಗ ಮತ್ತ್ಯಾರು ಮನಿ ಕೊಡತಾರ?"

ಸ್ವಲ್ಪ ಹೊತ್ತಿಗೆ ಆ ದೊಡ್ಡ ಮನುಷ್ಯ ಹೊಸ್ತಿಲ ಮೇಲೆ ಕುಸಿದು ಕೂತು ರುಮಾಲಿನಿಂದ ಮುಖ ಮುಚ್ಚಿಕೊಂಡರು. "ಮುದ್ದೇಬಿಹಾಳಕ್ಕ ಸುದ್ದಿ ಹೋದ್ರ ಲಗ್ನ ಮುರೀತೈತಿ. ಒಬ್ಬಾಕಿ ಮಗಳರಿ ನನಗ" ಎಂದರು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಗಳನ್ನು ಉಳಿಸಿಕೊಳ್ಳಲು ನಾನೂ ಏನೆಲ್ಲ ಒಪ್ಪಿದವಳು. ಆ ಸಂಜೆ ನನಗೂ ಬಾಯಿ ಮುಚ್ಚಿಕೊಂಡಿರುವ ಮನಸ್ಸಾಯಿತು. ಸೋಮವಾರ ಗಂಟೆ ಬಾರಿಸಿದರೆ ಹುಡುಗಿಯರು ಪರೀಕ್ಷೆಗೆ ಕೂಡುತ್ತಾರೆ, ಕಸ್ತೂರಿ ನನ್ನ ಮನೆಯಲ್ಲಿರುತ್ತಾಳೆ. ಆದರೆ ಸುಣ್ಣದ ಆ ಗೆರೆಗಳ ಮೇಲೆ ಯಾರು ಯಾರು ಬಂದು ಕೂಡುತ್ತಾರೆ ಎಂದು ಕಣ್ಣ ಮುಂದೆ ತಂದುಕೊಂಡೆ. ವಾಡೆಯ ಇಬ್ಬರು ಹುಡುಗರು, ಅವರ ಪಕ್ಕ ಮಜ್ಜಿಗೆ ಕುಡಿದ ನಮ್ಮ ಓಣಿಯ ಮಕ್ಕಳು, ಹೊಲಕ್ಕೆ ಓಡಿ ಲಸಿಕೆ ತಪ್ಪಿಸಿಕೊಂಡವರು.

ನಿನ್ನೆ ಮುಂಜಾನೆ ಬೀರಣ್ಣಜ್ಜನನ್ನು ಬಾಗೇವಾಡಿಗೆ ಕಳಿಸಿ ಚಾಂದಸಾಬರನ್ನು ಕರೆಸಿದೆ. ಅವರು ಬಂದ ಮೇಲೆ ಶಾಲೆಯ ಗಂಟೆ ಬಾರಿಸಿದೆ. ಜನ ಏನೋ ಎಂದು ಓಡಿ ಬಂದರು.

"ಸೋಮವಾರ ಸಾಲಿ ತೆರಿಯಂಗಿಲ್ಲ" ಎಂದೆ. "ಬೇನಿ ಹೋಗಿಲ್ಲ. ವಾಡೇದಾಗ ಐತಿ. ನಾ ಕಣ್ಣಾರೆ ನೋಡೀನಿ."

ಗೌಡರಿಗೆ ಯಾರೂ ಒಂದು ಮಾತೂ ಅನ್ನಲಿಲ್ಲ. ನನಗೆ ಅಂದರು. ತಾಯಿಯನ್ನೂ ಸೊಸೆಯನ್ನೂ ಕಳೆದುಕೊಂಡ ಕಾಳಪ್ಪನೇ ಎದ್ದು, "ನಮ್ಮ ಹುಡುಗರಿಗೆ ಮಜ್ಜಿಗಿ ಹಾಕೋ ಮನಿಗೆ ಹೆಸರ ಇಡತೀಯೇನಬೇ, ನಮ್ಮಾಕಿ ಆಗಿ?" ಎಂದ. ಒಬ್ಬಳು ನನ್ನ ಕಾಲ ಹತ್ತಿರ ಮಣ್ಣು ತೂರಿ ಹೋದಳು. ಆಕೆಯೇ ಶಾಲೆಯ ಪಡಸಾಲೆಗೆ ಸುಣ್ಣ ಹೊಡೆದವಳು.

ಈಗ ವಾಡೆಯ ಬಾಗಿಲಿಗೆ ಕಾವಲು ಕೂತಿದೆ. ಚಾಂದಸಾಬ ಓಣಿಯಲ್ಲಿ ಮತ್ತೆ ಲಸಿಕೆ ಹಾಕುತ್ತಿದ್ದಾರೆ. ಇವತ್ತು ಅಲ್ಲಿ ಇಬ್ಬರು ಮಕ್ಕಳಿಗೆ ಮೈ ಕಾದಿದೆ. ಅದೇ ಎಂದು ಇನ್ನೂ ಹೇಳಲಾಗದು. ನೀಲಗಂಗಾ ಉಳಿದಿದ್ದಾಳೆ. ಕಣ್ಣಿನ ಮಾತು ಯಾರೂ ಎತ್ತುತ್ತಿಲ್ಲ. ನನ್ನ ಟ್ರಂಕು, ಭಾಂಡೆಗಳನ್ನು ಗೌಡರ ಆಳುಗಳು ಬೀದಿಗೆ ತಂದಿಟ್ಟರು. ಜೈತುನಬಿಯೇ ಬಂದು ಒಂದೊಂದಾಗಿ ಹೊತ್ತು ಶಾಲೆಯ ಖೋಲಿಯಲ್ಲಿ ಇಟ್ಟು ಕೊಟ್ಟಳು. ನೀರೂ ಆಕೆಯೇ ತರುತ್ತಾಳೆ, ನನಗೆ ಬಾವಿಯಲ್ಲಿ ಕೊಡ ಇಳಿಸಲು ಊರವರು ಬಿಡುತ್ತಿಲ್ಲ. ಆ ಖೋಲಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಸುಣ್ಣದ ವಾಸನೆ ಇನ್ನೂ ಹಸಿಯಾಗಿದೆ. ನೆಲದ ಮೇಲೆ ಮಕ್ಕಳ ಜಾಗಗಳು ಖಾಲಿ ಇವೆ.

ವಾಡೆಯೊಳಗೆ ಕಾಲಿಟ್ಟವರು ಊರು ಬಿಟ್ಟು ಹೋಗಬಾರದೆಂದು ಚಾಂದಸಾಬ ಹೇಳಿದ್ದಾರೆ. ಇಲ್ಲದಿದ್ದರೆ ಈ ಕಾಗದದ ಬದಲು ನಾನೇ ಬರುತ್ತಿದ್ದೆ.

ನಿಮ್ಮಲ್ಲಿ ಒಂದೇ ಒಂದು ಬೇಡಿಕೊಳ್ಳುತ್ತೇನೆ. ಕಸ್ತೂರಿಗೆ ಲಸಿಕೆ ಹಾಕಿಸಿರಿ. ನಿಮ್ಮ ಅವ್ವನ ಹರಕೆಯನ್ನು ನಾನು ತೀರಿಸುತ್ತೇನೆ, ಏನು ಹೊತ್ತಿದ್ದಾರೋ ಅದನ್ನು, ಬೇಕಾದರೆ ಅದರ ಎರಡು ಪಟ್ಟು. ಆ ಮೇಲೆ ಮಗಳು ಅಗರಖೇಡದಲ್ಲೇ ಬೆಳೆಯಲಿ, ನಾನು ಇನ್ನು ಕೇಳುವುದಿಲ್ಲ. ಇದನ್ನು ನೀವು ಬರಹದಲ್ಲಿ ಇಟ್ಟುಕೊಳ್ಳಬಹುದು. ಅವಳು ಅಳುತ್ತಾಳೆ, ಸೂಜಿ ಕಂಡರೆ ಕೊಸರುತ್ತಾಳೆ. ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಹಿಡಿಯಿರಿ. ನಿಮ್ಮ ಕೈ ಬಿಡಬೇಡಿರಿ.

ನಮ್ಮಿಬ್ಬರ ನಡುವೆ ಆದದ್ದು ಆಗಿ ಹೋಯಿತು. ಮಗಳ ವಿಷಯದಲ್ಲಿ ನೀವು ಎಂದೂ ಕಲ್ಲಾದವರಲ್ಲ. ಆ ಧೈರ್ಯದ ಮೇಲೆ ಬರೆದಿದ್ದೇನೆ.

ಇಂತು,
ಕಸ್ತೂರಿಯ ಅವ್ವ,
ರೇವವ್ವ

ತಾ.ಕ.: ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಕೈ ಏಳಲಿಲ್ಲ. ನೀವು ಕಸ್ತೂರಿಯನ್ನು ಕರೆದೊಯ್ಯಲು ಬಂದ ಮುಂಜಾನೆ, ಬಸ್ಸಿನ ವೇಳೆ ಕೇಳಲು ನೀವು ಅಗಸಿಗೆ ಹೋದಾಗ, ನೀಲಗಂಗಾಗೆ ಹೇಳಿ ಬರುತ್ತೇನೆ ಎಂದು ಅವಳು ವಾಡೆಗೆ ಓಡಿದಳು. ಹೋಗಿ ಬಾ ಎಂದವಳು ನಾನು. ಆಗ ನೀಲಗಂಗಾಳ ಮೈ ಸುಡುತ್ತಿತ್ತಂತೆ, ಹಣೆಯ ಮೇಲೆ ಎದ್ದಿದ್ದನ್ನು ಬೆವರುಸಾಲೆ ಎಂದುಕೊಂಡಿದ್ದರಂತೆ. ಕಸ್ತೂರಿಯನ್ನು ಹಾಸಿಗೆಯ ಮೇಲೆ ಹತ್ತಿರ ಕೂರಿಸಿಕೊಂಡು ಜಡೆ ಹೆಣೆದು ಕಳಿಸಿದಳೆಂದು ಸಿದ್ದವ್ವ ಹೇಳಿದರು. ಅದೇ ಜಡೆಯಲ್ಲಿ ಅವಳು ನಿಮ್ಮ ಜೊತೆ ಬಂದಳು. ಈಗಲಾದರೂ ಚುಚ್ಚಿದರೆ ತಡೆಯಬಹುದೇ ಎಂದು ಚಾಂದಸಾಬರನ್ನು ಕೇಳಿದೆ. ತಡೆದರೂ ತಡೆಯಬಹುದು ಎಂದರು, ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅಂಚೆಗೆ ಹಾಕದೆ ಬೀರಣ್ಣಜ್ಜನ ಕೈಯಲ್ಲಿ ಕಳಿಸಿದ್ದು ಇದಕ್ಕೇ. ಅವನಿಗೆ ಸಣ್ಣವನಿದ್ದಾಗಲೇ ಬೇನೆ ಬಂದು ಹೋಗಿದೆ, ಅವನಿಂದ ಭಯವಿಲ್ಲ. ಓದಿದ ಕೂಡಲೇ ಅವಳನ್ನು ಇಂಡಿ ಊರಿನ ದವಾಖಾನೆಗೆ ಒಯ್ಯಿರಿ. ಬಸ್ಸಿನಲ್ಲಿ ಬೇಡ, ಗಾಡಿ ಹೂಡಿಕೊಂಡು ಹೋಗಿರಿ. ಓಣಿಯ ಮಕ್ಕಳ ಜೊತೆ ಆಡುತ್ತಿದ್ದರೆ ಒಳಗೆ ಕರೆಯಿರಿ. ಎಲ್ಲಕ್ಕೂ ಮೊದಲು, ಈ ಕಾಗದ ಕೆಳಗಿಟ್ಟು ಎದ್ದು ಹೋಗಿ, ಅವಳ ಹಣೆ ಮುಟ್ಟಿ ನೋಡಿರಿ.