ಗೋಡೆಗೆ ಮುಖ ಮಾಡಿದ ಯೂರಿಡಿಸಿ

ತಾರ್ನೂವ್
ಅಕ್ಟೋಬರ್ 1931, ಗುರುವಾರ

ಮುದ್ದು ಲುದ್ವಿಕಾ,

ಹಾಗಾಗಿ ಮಗಳೇ, ಶನಿವಾರ ಚಿತ್ರ ಒಯ್ಯಲು ಗಾಡಿ ಕಳಿಸಬೇಡ. ನಿನ್ನೆಯ ಕಾಗದದಲ್ಲಿ ಇದನ್ನೇ ಹೇಳಲು ಹೊರಟವನು ಎಲೆಕೋಸು ಹುಳಿಗೆ ಹಾಕಿದ ಕಥೆಗೆ ಹೊರಳಿಬಿಟ್ಟೆ. ನನ್ನ ಗೆಳೆಯ ಝೆನೊನ್‌ ಸತ್ತ ಮೇಲೆ ಅವನ ಚಿತ್ರಗಳಿಗೆ ಕ್ರಾಕೂವಿನಲ್ಲಿ ಬೇಡಿಕೆ ಬಂದಿದೆ ಎಂದೆಯಲ್ಲ, ಸಂತೋಷ. ಆದರೆ ನಮ್ಮದರ ಚೌಕಟ್ಟು ಸಡಿಲ, ದಾರಿಯೆಲ್ಲ ಕೆಸರು, ಪ್ರದರ್ಶನದವರ ಕೈ ಒರಟು.

ಪಕ್ಕದ ಮನೆಯ ಕುನೆಗುಂದಾ ಇವತ್ತೂ ಹುಳಿಹಿಟ್ಟಿನ ಸಾರು ಹಿಡಿದು ಬಂದಿದ್ದಳು. “ಅಲ್ರೀ ಕೊರ್ನೆಲ್, ನಿಲ್ಲಿಸಿದ್ದ ಗಡಿಯಾರ ಮತ್ತೆ ಓಡ್ತಿದೆ, ಕನ್ನಡಿ ಮೇಲಿನ ಬಟ್ಟೆ ತೆಗೆದಾಯ್ತು, ಈ ಚಿತ್ರ ಒಂದು ಇನ್ನೂ ಮನೆಗೆಲ್ಲ ಅಂಡು ತೋರಿಸ್ಕೊಂಡು ನಿಂತಿದೆಯಲ್ಲ! ಬ್ರೊನ್ಯಾನ ಮಣ್ಣು ಮಾಡಿ ಬಂದ ಸಂಜೇನೇ ತಿರುಗಿಸ್ಬೇಕಿತ್ತು” ಎಂದು ರೇಗಿದಳು. ಅದರ ಹಿಂದೆ ಜೇಡಕ್ಕೆ ಬಾಡಿಗೆಗೆ ಕೊಟ್ಟಿದ್ದೇನೆ ಎಂದೆ. “ಪುಣ್ಯವಂತ ಜೇಡ! ನಿಮ್ಮ ಹರಟೆ ಕೇಳೋಕೆ ಅದಕ್ಕೆ ಕಿವಿ ಇಲ್ಲ” ಎಂದಳು.

ಹೋಗುವ ಜೀವ ತನ್ನ ಮುಖ ಕಂಡು ನಿಂತುಬಿಡಬಾರದೆಂದು ತಾನೇ ನಿನ್ನಮ್ಮ ತೀರಿಕೊಂಡ ದಿನ ಕನ್ನಡಿಗಳನ್ನೆಲ್ಲ ಮುಚ್ಚಿದ್ದು. ಚಿತ್ರದಲ್ಲೂ ಅವಳ ಮುಖವಿದೆಯಲ್ಲ ಎಂದು ಅದನ್ನೂ ಗೋಡೆಗೆ ತಿರುಗಿಸಿದೆ.

ಅದನ್ನು ಬರೆದಾಗ ನೀನಿನ್ನೂ ಹುಟ್ಟಿರಲಿಲ್ಲ. ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುತ್ತ, ತಡೆಯಲಾರದೆ ತಿರುಗಿ ನೋಡಿ ಕಳೆದುಕೊಂಡ ಆರ್ಫಿಯಸ್ಸನ ಕಥೆ ಝೆನೊನ್‌ನ ತಲೆಗೆ ಹತ್ತಿತ್ತು. ಬ್ರೊನ್ಯಾ ಆ ಹೆಂಡತಿ ಯೂರಿಡಿಸಿಯಾದಳು. ನನ್ನ ಮುಖ ಯಾವ ದೇವಗಾಯಕನಿಗೂ ಒಗ್ಗದೆಂದು ಆರ್ಫಿಯಸ್ಸನಿಗೆ ಬೆನ್ನನ್ನಷ್ಟೇ ಎರವಲು ಪಡೆದ. ಕೈಯಲ್ಲಿ ಹಳೆಯ ತಂತಿವಾದ್ಯ, ಎದುರಿಗೆ ಒಲೆ. ಹಿಂದೆ ಅವಳ ಕಿಸಕ್ಕನೆ ನಗು. ನಾನು ಅಲುಗಿದರೆ ಝೆನೊನ್, “ಲೋ, ತಿರುಗಿದ್ಯೋ ಸತ್ತಳು!” ಎಂದು ಗದರುತ್ತಿದ್ದ. ಕಾಲೇಜಿನ ಇಂಗ್ಲಿಷ್ ಮಾಸ್ತರರು ಇದೇ ಕಥೆಯ ಒಂದು ಪದ್ಯ ಬಾಯಿಪಾಠ ಮಾಡಿಸಿದ್ದರು; ‘ಡೋಂಟ್ ಲುಕ್’ ಎಂಬಲ್ಲಿಗೆ ನಿಂತುಹೋಗುತ್ತದೆ, ಮುಂದಿನ ಸಾಲು ಬರುವುದಿಲ್ಲ.

ತಿರುಗಿಸಲು ಮರೆತೆ ಎಂದು ನಿನಗೆ ಬರೆದಿದ್ದೆ. ಮರೆತಿಲ್ಲ. ನಿನ್ನಮ್ಮನ ಮುಖ ಈಗ ನನಗೆ ತುಂಡು ತುಂಡಾಗಿ ಬರುತ್ತದೆ: ಬಿಸಿ ಸಾರು ಊದುವ ತುಟಿ, ಹಲ್ಲಲ್ಲಿ ಸೂಜಿ ಕಚ್ಚಿಕೊಂಡು ನನ್ನನ್ನು ಬೈಯುವಾಗಿನ ಹುಬ್ಬು. ತಿರುಗಿಸಿದರೆ ಝೆನೊನ್ ಬರೆದ ಮುಖವೊಂದೇ ಉಳಿದು ನನ್ನ ಚೂರುಗಳು ಅಳಿಸಿಹೋದರೆ? ತಿರುಗಿಸದಿದ್ದರೆ ಚೂರುಗಳೂ ಉಳಿಯುತ್ತವೆಯೋ ಇಲ್ಲವೋ. ಇವತ್ತು ಬೆಳಗ್ಗೆ ಅವಳ ಕಣ್ಣಿನ ಬಣ್ಣ ನೆನಪಾಗಲಿಲ್ಲ, ಲುದ್ವಿಕಾ. ಒಲೆಯ ಮುಂದೆ ನಿಂತು ಬಹಳ ಹೊತ್ತು ಹುಡುಕಿದೆ.

ಅಕ್ಷರಗಳು ಮಸುಕಾಗುತ್ತಿವೆ. ಬೆಳಕು ಆಗಲೇ ಮೇಜಿನಿಂದ ಇಳಿದು ಬಾಗಿಲ ಕಡೆ ಹೊರಟಿದೆ. ದೀಪ ಹಿಡಿದು ಅವಳನ್ನು ನೋಡುವ ಧೈರ್ಯ ನನಗಿಲ್ಲ, ನೋಡುವುದಾದರೆ ಈಗಲೇ.

ನಿನ್ನ ಅಪ್ಪ,
ಕೊರ್ನೆಲ್

ಮರೆತ ಮಾತು: ತಿರುಗಿಸಿದೆ. ಹೊರಗೋಡೆಯ ತೇವ ಬಣ್ಣ ತಿಂದಿದೆ. ಆರ್ಫಿಯಸ್ ಇಲ್ಲ, ಬೆನ್ನು, ಹೆಗಲು, ವಾದ್ಯ ಎಲ್ಲ ನೆಲದ ಮೇಲೆ ಹುಡಿಯಾಗಿ ಬಿದ್ದಿದೆ. ಬ್ರೊನ್ಯಾ ಹಾಗೇ ಇದ್ದಾಳೆ. ಕಣ್ಣು ಬೂದು, ಅಂಚಿನಲ್ಲಿ ಚೂರು ಹಸಿರು. ಇಷ್ಟು ವರ್ಷ ನನ್ನ ಬೆನ್ನು ನೋಡುತ್ತಿದ್ದವಳು ಈಗ ನೇರ ನನ್ನನ್ನೇ ನೋಡುತ್ತಿದ್ದಾಳೆ. ಗಾಡಿಯವನು ಬಂದರೆ ಸಾರು ಕುಡಿಸಿ ಬರಿಗೈಯಲ್ಲಿ ಕಳಿಸುತ್ತೇನೆ. ಬರುವುದಾದರೆ ನೀನು ಬಾ.